ಗಡಿಯ ವಿದ್ಯಾರ್ಥಿಯೂ ಮುಂದಾಳುತನವೂ

ಮರಾಠಿಯೇ ವ್ಯವಹಾರಭಾಷೆಯಾಗಿರುವ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ಐಚ್ಛಿಕ ಕನ್ನಡದ ಪದವಿಯಿಂದ ಯಾವ ಬಾಗಿಲು ತೆರೆದೀತು ಎಂಬ ಅಳುಕು ವಿದ್ಯಾರ್ಥಿಗಳಿಗೆ ಸಹಜ. ಆದರೆ ಆ ಅಳುಕಿನಿಂದ ವಿಭಾಗದ ನಾಲ್ಕು ಗೋಡೆಗಳೊಳಗೇ ಉಳಿಯುವುದು ತರವಲ್ಲ.

1912ರಲ್ಲಿ ಸೊಲ್ಲಾಪುರದಲ್ಲಿ ಜನಿಸಿದ ಜಯದೇವಿತಾಯಿ ಲಿಗಾಡೆಯವರು ಓದಿದ್ದು ಮರಾಠಿಯಲ್ಲಿ; ಕನ್ನಡವನ್ನು ಅನಂತರ ಸ್ವಪ್ರಯತ್ನದಿಂದ ಕಲಿತರು. ವಚನಗಳನ್ನು ಮರಾಠಿಗೆ ತಂದರು. ಸಿದ್ಧರಾಮನ ಚರಿತೆಯನ್ನು ಕನ್ನಡ ತ್ರಿಪದಿಯಲ್ಲಿ ಹಾಡಿದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರೇ. ಆ ಗೌರವಕ್ಕೆ ಮುನ್ನ ಎರಡು ಭಾಷಿಕರ ನಡುವೆ ದಶಕಗಳ ದುಡಿಮೆಯಿತ್ತು.

ಇಂದಿನ ವಿದ್ಯಾರ್ಥಿಗೂ ಆ ದಾರಿ ತೆರೆದಿದೆ. ಮರಾಠಿ ವಿಭಾಗದ ಸಹಪಾಠಿಯೊಡನೆ ಕೂಡಿ ಒಂದು ಕಥೆಯನ್ನು ಅನುವಾದಿಸಬಹುದು. ಊರಿನ ಕನ್ನಡ ಶಾಲೆಯ ಮಕ್ಕಳಿಗೆ ವಾರಕ್ಕೊಮ್ಮೆ ಓದಿಸಬಹುದು. ಮುದ್ರಣಾಲಯದಲ್ಲಿ ಕರಡು ತಿದ್ದಬಹುದು. ಒಪ್ಪಿಕೊಂಡ ಕೆಲಸವನ್ನು ಹೇಳಿದ ದಿನಕ್ಕೆ ಮುಗಿಸಿಕೊಟ್ಟರೆ ನಂಬಿಕೆ ಹುಟ್ಟುತ್ತದೆ. ವೃತ್ತಿಬಾಂಧವ್ಯಕ್ಕೆ ಅದೇ ಬುನಾದಿ. ಸಹಪಾಠಿಗಳನ್ನು ಇಂಥ ಕೆಲಸಕ್ಕೆ ಕೂಡಿಸಿ, ಹೆಸರನ್ನು ಎಲ್ಲರಿಗೂ ಹಂಚಿ, ತಪ್ಪಿನ ಹೊಣೆಯನ್ನು ತಾನು ಹೊರುವವನು ಅರಿಯದೆಯೇ ಮುಂದಾಳಾಗುತ್ತಾನೆ. ಎರಡು ನುಡಿ ಬಲ್ಲ ಅಂಥವರನ್ನು ಎರಡೂ ಕಡೆಯವರು ಅರಸಿ ಬರುತ್ತಾರೆ.