ಏಳೂವರೆ ಸೀಟಿನ ನ್ಯಾಯ

ಮಕ್ಕಳೇ, ದೊಡ್ಡವರಾದ ಮೇಲೆ ಏನಾಗುತ್ತೀರಿ ಎಂದು ಕೇಳಿದರೆ ನಿಮ್ಮಲ್ಲಿ ಹಲವರು "ಡಾಕ್ಟರ್ ಆಗುತ್ತೇನೆ" ಎನ್ನುತ್ತೀರಿ. ಒಳ್ಳೆಯ ಆಸೆ. ಆದರೆ ವೈದ್ಯಕೀಯ ಕಾಲೇಜಿನಲ್ಲಿ ಸೀಟುಗಳು ಕಡಿಮೆ, ಕೇಳುವವರು ಬಹಳ. ಸೀಟನ್ನು ಯಾರಿಗೆ ಕೊಡಬೇಕು? ಹೆಚ್ಚು ಅಂಕ ಪಡೆದವರಿಗೆ ಎಂದು ನೀವು ಥಟ್ಟನೆ ಹೇಳಬಹುದು. ಸ್ವಲ್ಪ ತಾಳಿ.

ನಮ್ಮ ತಮಿಳುನಾಡಿನಲ್ಲಿ 2017ರಿಂದ ನೀಟ್ ಎಂಬ ಪ್ರವೇಶ ಪರೀಕ್ಷೆಯ ಅಂಕ ನೋಡಿ ವೈದ್ಯಕೀಯ ಸೀಟು ಕೊಡುತ್ತಾರೆ. ಆ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಆದರೆ ಅದಕ್ಕೆ ಸಿದ್ಧರಾಗಲು ಅನೇಕರು ತುಂಬಾ ಹಣ ಕೊಟ್ಟು ಪಟ್ಟಣದ ತರಬೇತಿ ಕೇಂದ್ರಗಳಿಗೆ ಹೋಗುತ್ತಾರೆ. ಒಮ್ಮೆ ಸೀಟು ಸಿಗದಿದ್ದರೆ ಇನ್ನೊಂದು ವರ್ಷ ಓದುತ್ತಾರೆ. ಕೂಲಿ ಮಾಡುವವರ ಮಕ್ಕಳಿಗೆ ಇದು ಸಾಧ್ಯವೇ? ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಲಕ್ಷಾಂತರ ಮಕ್ಕಳು ಓದುತ್ತಾರೆ. ಆದರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಸಾವಿರಾರು ಸೀಟುಗಳಲ್ಲಿ ಅವರಿಗೆ ಸಿಗುತ್ತಿದ್ದುದು ಬೆರಳೆಣಿಕೆಯಷ್ಟು ಮಾತ್ರ.

ಇದನ್ನು ಸರಿಪಡಿಸುವುದು ಹೇಗೆ? ನಿವೃತ್ತ ನ್ಯಾಯಮೂರ್ತಿ ಪಿ. ಕಲೈಯರಸನ್ ಅವರ ಸಮಿತಿಯು ನೂರಕ್ಕೆ 10 ಸೀಟುಗಳನ್ನು ಸರ್ಕಾರಿ ಶಾಲೆಯವರಿಗೆ ಮೀಸಲಿಡಲು ಸಲಹೆ ನೀಡಿತು. ರಾಜ್ಯವು 2020ರಲ್ಲಿ ನೂರಕ್ಕೆ 7.5 ಎಂದು ಕಾನೂನು ಮಾಡಿತು. ಅರ್ಧ ಸೀಟು ಹೇಗೆ ಎಂದು ನಗಬೇಡಿ! 200 ಸೀಟುಗಳಲ್ಲಿ 15 ಎಂದು ಲೆಕ್ಕ ಹಾಕಿ. ಆರರಿಂದ ಹನ್ನೆರಡನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಈ ಸೀಟುಗಳು. ತಾಳವಾಡಿ, ಹೊಸೂರಿನ ಸರ್ಕಾರಿ ಶಾಲೆಗಳ ಮಕ್ಕಳೂ ಇದರಲ್ಲಿ ಸೇರುತ್ತಾರೆ. ಮೊದಲ ವರ್ಷವೇ ಅಂತಹ 300ಕ್ಕೂ ಹೆಚ್ಚು ಮಕ್ಕಳು ವೈದ್ಯಕೀಯ ಕಾಲೇಜು ಸೇರಿದರು.

ಆಗ ಖಾಸಗಿ ಶಾಲೆಯ ಮಕ್ಕಳು ಕೇಳಿದರು: "ನಮ್ಮ ಅಂಕ ಹೆಚ್ಚು. ನಾವು ಕಷ್ಟಪಟ್ಟು ಓದಲಿಲ್ಲವೇ?" ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಖಾಸಗಿ ಶಾಲೆಯವರೆಲ್ಲ ಸಿರಿವಂತರಲ್ಲ. ಸಾಲ ಮಾಡಿ ಶುಲ್ಕ ಕಟ್ಟುವ ತಂದೆತಾಯಿಯರೂ ಇದ್ದಾರೆ. ಅಂತಹ ಮನೆಯ ಹುಡುಗಿಗೆ ಸ್ವಲ್ಪದರಲ್ಲಿ ಸೀಟು ತಪ್ಪಿದರೆ ಅವಳ ನೋವು ಸುಳ್ಳಲ್ಲ.

ಆದರೂ ಈ ಕಾನೂನು ನ್ಯಾಯವಾದುದು ಎಂದು ನಾನು ಹೇಳುತ್ತೇನೆ. ಏಕೆ ಗೊತ್ತೇ? ಇಬ್ಬರು ಬೆಟ್ಟ ಹತ್ತುತ್ತಿದ್ದಾರೆ ಎಂದುಕೊಳ್ಳಿ. ಒಬ್ಬನು ಬುಡದಿಂದ ಹೊರಟ. ಇನ್ನೊಬ್ಬನು ನಡುದಾರಿಯಿಂದ ಹೊರಟ. ಯಾರು ಮೇಲಿದ್ದಾರೆ ಎಂದಷ್ಟೇ ನೋಡಿದರೆ ಸಾಕೇ? ಯಾರು ಎಷ್ಟು ಹತ್ತಿದರು ಎಂದೂ ನೋಡಬೇಡವೇ? ಅಂಕವು ಮೊದಲನೆಯದನ್ನು ಮಾತ್ರ ಹೇಳುತ್ತದೆ. ಇದು ಪುಕ್ಕಟೆ ಸೀಟೂ ಅಲ್ಲ. ನೀಟ್‌ನಲ್ಲಿ ತೇರ್ಗಡೆಯಾಗಲೇಬೇಕು. ಕಾಲೇಜಿನ ಪರೀಕ್ಷೆಗಳು ಎಲ್ಲರಿಗೂ ಒಂದೇ. 200ರಲ್ಲಿ 15 ತೆಗೆದರೂ 185 ಸೀಟುಗಳು ಉಳಿಯುತ್ತವೆ. ಅವುಗಳಿಗೆ ಖಾಸಗಿ ಶಾಲೆಯವರೂ ಸ್ಪರ್ಧಿಸಬಹುದು.

2022ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವೂ ಈ ಕಾನೂನನ್ನು ಎತ್ತಿಹಿಡಿಯಿತು. ಜೊತೆಗೆ ಐದು ವರ್ಷಗಳಲ್ಲಿ ಇದನ್ನು ಮತ್ತೆ ಪರಿಶೀಲಿಸಬೇಕು, ಸರ್ಕಾರಿ ಶಾಲೆಗಳ ಮಟ್ಟವನ್ನು ಹೆಚ್ಚಿಸಬೇಕು ಎಂದಿತು. ಅದು ತೂಕದ ಮಾತು. ಮೀಸಲು ಸೀಟು ಏಣಿಯಿದ್ದಂತೆ. ದಾರಿ ಸರಿಯಾಗುವವರೆಗೆ ಏಣಿ ಬೇಕು. ಆದರೆ ಏಣಿ ಕೊಟ್ಟೆವೆಂದು ದಾರಿ ಮಾಡುವುದನ್ನು ಮರೆಯಬಾರದು. ಪ್ರತಿ ಹಳ್ಳಿಯ ಶಾಲೆಗೂ ವಿಜ್ಞಾನದ ಶಿಕ್ಷಕರು, ಪ್ರಯೋಗಾಲಯ, ಪುಸ್ತಕಗಳು ಬಂದ ದಿನ ಈ ಏಣಿ ಬೇಕಾಗದು.

ಮಕ್ಕಳೇ, ಖಾಸಗಿ ಶಾಲೆಗೆ ಹೋಗುವ ನಿಮ್ಮ ನೆರೆಮನೆಯ ಗೆಳತಿ ನಿಮ್ಮ ಎದುರಾಳಿಯಲ್ಲ. ಇಬ್ಬರೂ ಚೆನ್ನಾಗಿ ಓದಿ. ನಾಳೆ ನಿಮ್ಮಲ್ಲಿ ಯಾರು ಡಾಕ್ಟರ್ ಆದರೂ ನಮ್ಮ ಊರಿನ ರೋಗಿಗಳನ್ನು ಮರೆಯಬೇಡಿ.

ಯೋಚಿಸಿ ಹೇಳಿ
1. ಅಂಕವೊಂದನ್ನೇ ನೋಡಿ ಸೀಟು ಕೊಡುವುದು ಸರಿಯೇ? ನಿಮ್ಮ ಅಭಿಪ್ರಾಯವೇನು?
2. 400 ಸೀಟುಗಳಿದ್ದರೆ ಸರ್ಕಾರಿ ಶಾಲೆಯವರಿಗೆ ಎಷ್ಟು ಸೀಟುಗಳು ಮೀಸಲಾಗುತ್ತವೆ?