ಸಕ್ಕರೆ ಇಳಿದಾಗ ಮನೆಯವರಿಗೆ ತಿಳಿಯಲಿ

ಮಧ್ಯಾಹ್ನದ ಊಟಕ್ಕೆ ತಡವಾಗಿದೆ. ಸದಾ ಸಮಾಧಾನದಿಂದಿರುವ ಉಮ್ಮ ಸಣ್ಣ ಮಾತಿಗೂ ಸಿಡುಕುತ್ತಾರೆ. ಹಣೆಯಲ್ಲಿ ಬೆವರು, ಕೈಯಲ್ಲಿ ನಡುಕ. "ಏನಾಯಿತು ಉಮ್ಮ?" ಎಂದು ಕೇಳಿದರೆ, "ನನಗೇನೂ ಆಗಿಲ್ಲ" ಎನ್ನುತ್ತಾರೆ. ಅವರು ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆಂಕ್ಲಮೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರಾದರೆ ಆ ಮಾತನ್ನು ನಂಬಿ ಸುಮ್ಮನಿರಬೇಡಿ.

ಸಕ್ಕರೆ ಏರುವ ಬಗ್ಗೆ ಎಲ್ಲರಿಗೂ ಭಯವಿದೆ. ಇಳಿಯುವ ಬಗ್ಗೆ ಎಚ್ಚರ ಕಡಿಮೆ. ರಕ್ತದಲ್ಲಿ ಸಕ್ಕರೆ 70 ಮಿ.ಗ್ರಾಂಗಿಂತ ಕೆಳಗಿಳಿದರೆ ದೇಹ ಮುನ್ಸೂಚನೆ ನೀಡುತ್ತದೆ: ಬೆವರು, ನಡುಕ, ಎದೆಬಡಿತ, ತಡೆಯಲಾಗದ ಹಸಿವು. ಆಗಲೂ ಏನನ್ನೂ ಸೇವಿಸದೆ ಸಕ್ಕರೆ 54ಕ್ಕಿಂತ ಕೆಳಗಿಳಿದರೆ ಮೆದುಳಿಗೆ ಆಹಾರ ಸಾಲದಾಗುತ್ತದೆ. ಮಾತು ತೊದಲುತ್ತದೆ, ಕಣ್ಣು ಮಂಜಾಗುತ್ತದೆ, ಕಾರಣವಿಲ್ಲದೆ ಕೋಪ ಬರುತ್ತದೆ. ಆ ಹೊತ್ತಿಗೆ ತನಗೇನಾಗುತ್ತಿದೆಯೆಂದು ರೋಗಿಗೇ ತಿಳಿಯುವುದಿಲ್ಲ. ಆದ್ದರಿಂದ ಈ ಲಕ್ಷಣಗಳನ್ನು ಮನೆಯವರೂ ಕಲಿತಿರಬೇಕು.

ಹಲವು ವರ್ಷಗಳಿಂದ ಮಧುಮೇಹವಿರುವವರಲ್ಲಿ, ಪದೇ ಪದೇ ಸಕ್ಕರೆ ಇಳಿಯುವವರಲ್ಲಿ ಈ ಮುನ್ಸೂಚನೆಗಳು ಮಂಕಾಗಬಹುದು. ರಕ್ತದೊತ್ತಡದ ಕೆಲವು ಮಾತ್ರೆಗಳು ನಡುಕ, ಎದೆಬಡಿತಗಳನ್ನು ಮರೆಮಾಡುತ್ತವೆ. ಬೆವರು ಮಾತ್ರ ಉಳಿಯುತ್ತದೆ. ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ಕೆಟ್ಟ ಕನಸು, ಬೆಳಗ್ಗೆ ತಲೆನೋವು ಇದ್ದರೆ ನಿದ್ದೆಯಲ್ಲಿ ಸಕ್ಕರೆ ಇಳಿದಿರಬಹುದು.

ಸಂಶಯ ಬಂದೊಡನೆ, ಸಾಧ್ಯವಿದ್ದರೆ ಗ್ಲುಕೋಮೀಟರಿನಲ್ಲಿ ಪರೀಕ್ಷಿಸಿ. ಇಲ್ಲದಿದ್ದರೆ ಕಾಯಬೇಡಿ. ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ. ವೋಗ್ಲಿಬೋಸ್, ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಗ್ಲುಕೋಸ್ ಪುಡಿಯೇ ಬೇಕು. ಚಾಕಲೇಟು, ತುಪ್ಪದ ಸಿಹಿತಿಂಡಿಗಳು ನಿಧಾನ, ತುರ್ತಿಗೆ ಆಗಿಬರುವುದಿಲ್ಲ. 15 ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕೊಡಿ. ಸುಧಾರಿಸಿದ ಮೇಲೆ ಊಟವನ್ನೋ ಬಿಸ್ಕತ್ತನ್ನೋ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಮಗ್ಗುಲಿಗೆ ಮಲಗಿಸಿ, ತಕ್ಷಣ ಆಸ್ಪತ್ರೆಗೆ ಸಾಗಿಸಿ.

ರಮಝಾನಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಉಪವಾಸ ಹಿಡಿಯಬಹುದೇ, ಔಷಧಿಯ ಪ್ರಮಾಣ ಹೇಗಿರಬೇಕು ಎಂದು ತಿಂಗಳು ಆರಂಭವಾಗುವ ಮೊದಲೇ ವೈದ್ಯರಲ್ಲಿ ಕೇಳಿ. ಉಪವಾಸದಲ್ಲಿದ್ದಾಗ ಸಕ್ಕರೆ 70ಕ್ಕಿಂತ ಇಳಿದರೆ, ಇಫ್ತಾರಿಗೆ ಅರ್ಧ ಗಂಟೆಯಷ್ಟೇ ಉಳಿದಿದ್ದರೂ ಉಪವಾಸ ತೊರೆಯಬೇಕು. ರೋಗಿಗೆ ಧರ್ಮವೇ ರಿಯಾಯಿತಿ ನೀಡಿದೆ.

ಒಬ್ಬೊಬ್ಬರಿಗೆ ಒಂದೊಂದು ಲಕ್ಷಣ ಮೊದಲು ಕಾಣಿಸುತ್ತದೆ. ನಿಮ್ಮ ಉಮ್ಮನಿಗೆ ಅದು ಬೆವರೋ, ಸಿಡುಕೋ, ಮೌನವೋ? ಇಂದೇ ಕೇಳಿ ತಿಳಿದುಕೊಳ್ಳಿ, ಮಕ್ಕಳಿಗೂ ತಿಳಿಸಿ. ಒಮ್ಮೆ ಸಕ್ಕರೆ ಇಳಿದರೂ ಅದನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ.