ಸಕ್ಕರೆ ಕಾಯಿಲೆ, ಸಸ್ಯಾಹಾರ ಮತ್ತು ಬಿ12: ಶಿಬಿರಗಳಲ್ಲಿ ಹಂಚಬೇಕಾದ್ದು ಮಾತ್ರೆಯಲ್ಲ

ರಾಜ್ಯ ಸರ್ಕಾರ 2024ರಲ್ಲಿ ಆರಂಭಿಸಿದ ಗೃಹ ಆರೋಗ್ಯ ಯೋಜನೆಯಿಂದ ಸಕ್ಕರೆ, ಬಿಪಿ ತಪಾಸಣೆ ಮನೆ ಬಾಗಿಲಿಗೆ ಬರುತ್ತಿದೆ. ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು 2023ರ ಐಸಿಎಂಆರ್ ಅಧ್ಯಯನ ಅಂದಾಜಿಸಿದೆ. ಹನುಮನಹಳ್ಳಿ, ಗಂಗಾವತಿ ಭಾಗವಿರಲಿ, ರಾಜ್ಯದ ಯಾವುದೇ ಊರಿರಲಿ, ನಮ್ಮ ಸಮಾಜದವರು ಇನ್ನೊಂದು ಅಂಶ ಗಮನಿಸಬೇಕು.

ಹೋಮೋಸಿಸ್ಟೀನ್ ದೇಹದಲ್ಲೇ ತಯಾರಾಗುವ ಅಮೈನೋ ಆಮ್ಲ. ಬಿ12, ಫೋಲೇಟ್, ಬಿ6 ಕಡಿಮೆಯಾದರೆ ಅದು ರಕ್ತದಲ್ಲಿ ಏರುತ್ತದೆ. ಏರಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಿ ಕಂಡುಬಂದಿವೆ. ಫೋಲೇಟ್ ನಮಗೆ ಬೇಳೆಕಾಳು, ಸೊಪ್ಪಿನಲ್ಲಿದೆ. ಬಿ12 ಸಿಗುವುದು ಬಹುತೇಕ ಹಾಲು, ಮೊಸರಿನಿಂದ ಮಾತ್ರ. ಚಾತುರ್ಮಾಸದಲ್ಲಿ ಸೊಪ್ಪು ಬಿಟ್ಟವರಿಗೆ ಕಾಳು ಆಸರೆ. ಹಾಲು-ಮೊಸರನ್ನೂ ತ್ಯಜಿಸಿದವರಿಗೆ ಬಿ12ಗೆ ಆಸರೆಯಿಲ್ಲ. ಮೇಲಾಗಿ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡರೆ ದೇಹ ಬಿ12 ಹೀರಿಕೊಳ್ಳುವುದು ತಗ್ಗುತ್ತದೆ. ಕಾಲು ಜುಮ್ಮೆಂದರೆ ಸಕ್ಕರೆಯದೇ ಎಂದು ಸುಮ್ಮನಿರಬಾರದು.

ಹಾಗೆಂದು ಎಲ್ಲರೂ ಮಾತ್ರೆ ನುಂಗಿದರೆ ರಕ್ತನಾಳ ಸರಿಹೋಗುವುದಿಲ್ಲ. 5,522 ಜನರ ಹೋಪ್-2 ಅಧ್ಯಯನದಲ್ಲಿ (2006) ಹೋಮೋಸಿಸ್ಟೀನ್ ಇಳಿಯಿತು, ಹೃದ್ರೋಗದ ಸಾವು ಇಳಿಯಲಿಲ್ಲ. ಪಾರ್ಶ್ವವಾಯು ಮಾತ್ರ ಸ್ವಲ್ಪ ಕಡಿಮೆಯಾಯಿತು. 2010ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಂತೂ, ಕಿಡ್ನಿ ತೊಂದರೆಯಿದ್ದ ಮಧುಮೇಹಿಗಳು ಭಾರೀ ಪ್ರಮಾಣದ ಬಿ ವಿಟಮಿನ್ ತೆಗೆದುಕೊಂಡಾಗ ಕಿಡ್ನಿ ಇನ್ನಷ್ಟು ಕುಗ್ಗಿತು. ಹೃದಯಾಘಾತ, ಪಾರ್ಶ್ವವಾಯುಗಳೂ ಹೆಚ್ಚಿದವು.

ಕೊರತೆಯಿದ್ದರೆ ತುಂಬಿಸಬೇಕು, ಇಲ್ಲದಿದ್ದರೆ ನುಂಗಬಾರದು. ಅದು ಗೊತ್ತಾಗುವುದು ರಕ್ತ ಪರೀಕ್ಷೆಯಿಂದ. ಸಮಾಜದ ಶಿಬಿರಗಳಲ್ಲಿ ಬಿ-ಕಾಂಪ್ಲೆಕ್ಸ್ ಹಂಚುವ ಬದಲು ಮೆಟ್‌ಫಾರ್ಮಿನ್ ಸೇವಿಸುವ ಹಿರಿಯರಿಗೆ ಬಿ12 ಪರೀಕ್ಷೆ ಮಾಡಿಸಿದರೆ ದಾನಿಗಳ ಹಣ ಸಾರ್ಥಕ. ವೈದ್ಯರನ್ನು ಕೇಳದೆ ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ. ಬಿ12 ಬರೆದುಕೊಟ್ಟರೆ, ಜೆಲಟಿನ್ ಕ್ಯಾಪ್ಸೂಲ್ ಬೇಡ, ಮಾತ್ರೆಯ ರೂಪದಲ್ಲಿ ಕೊಡಿ ಎಂದು ಕೇಳಿ.